ಬರದ ಸೀಮೆಯ ಹಿತ್ತಲಲ್ಲಿ ಬಾತುಕೋಳಿ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬಾತುಕೋಳಿ ಸಾಕಿದ್ದೇವೆ ಎಂದು ಹೇಳಿದರೆ, ಕೇಳಿದವರು ಮೊದಲು ವಿಚಾರಿಸುವುದು ಹತ್ತಿರದಲ್ಲಿ ಕೆರೆ ಇದೆಯೇ ಎಂದು. ಸಾವಿರ ಅಡಿ ದಾಟಿ ಕೊರೆಸಿದರೂ ಕೊಳವೆಬಾವಿಯಲ್ಲಿ ನೀರು ಬಂದೀತೆಂಬ ಭರವಸೆಯಿಲ್ಲದ, ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಸೀಮೆಯವರು ಹೀಗೆ ಕೇಳುವುದು ಸಹಜವೇ. ಮನುಷ್ಯರಿಗೇ ಟ್ಯಾಂಕರ್ ನೀರು ತರಿಸುವ ಬೇಸಿಗೆಯಲ್ಲಿ ಈಜುವ ಹಕ್ಕಿಯನ್ನು ಸಾಕುವುದು ಸರಿಯೇ ಎಂಬ ಮಾತನ್ನೂ ಕೇಳಿದ್ದೇನೆ; ಆ ಮಾತು ನನ್ನನ್ನು ಬಹಳ ಕಾಡಿಯೂ ಇದೆ. ಶಿಡ್ಲಘಟ್ಟದ ಅಂಚಿನಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಕೆಲವು ವರ್ಷಗಳಿಂದ ಬಾತುಕೋಳಿಗಳಿವೆ. ಅಲ್ಲಿ ಕೆರೆಯೂ ಇಲ್ಲ, ಕೊಳವೂ ಇಲ್ಲ. ಇಷ್ಟು ಕಾಲ ಅವುಗಳ ಜೊತೆಗಿದ್ದು ನಾನು ಕಂಡುಕೊಂಡಿರುವುದೆಂದರೆ, ಬಾತುಕೋಳಿಯ ಸುಖವೂ ನೀರಿನದೇ, ಅದನ್ನು ಸಾಕುವವರ ಕಷ್ಟವೂ ನೀರಿನದೇ, ಆದರೆ ಆ ನೀರಿನ ಪ್ರಮಾಣ ಜನ ಎಣಿಸಿಕೊಂಡಿರುವುದಕ್ಕಿಂತ ಬಹಳ ಕಡಿಮೆ.

ಈಜದೆಯೇ ಬಾತುಕೋಳಿ ಚೆನ್ನಾಗಿ ಬೆಳೆಯುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ತಲೆಯನ್ನು ಪೂರ್ತಿಯಾಗಿ ಅದ್ದಲು ಆಗದಿದ್ದರೆ ಮಾತ್ರ ಅದು ಸೊರಗುತ್ತದೆ. ಆದ್ದರಿಂದ ನೀರಿನ ಪಾತ್ರೆ ಐದಾರು ಅಂಗುಲವಾದರೂ ಆಳವಿರಬೇಕು. ಕೋಳಿಗೆ ಇಡುವ ತಟ್ಟೆಯಂಥ ಪಾತ್ರೆಯಲ್ಲಿ ಅದು ನೀರು ಕುಡಿಯಬಹುದೇ ಹೊರತು ಮೂಗಿನ ಹೊಳ್ಳೆಗಳನ್ನೂ ಕಣ್ಣುಗಳನ್ನೂ ತೊಳೆದುಕೊಳ್ಳಲಾರದು. ಹಾಗೆ ತೊಳೆಯದೆ ಉಳಿದ ಕಣ್ಣಿನ ಸುತ್ತ ಹಕ್ಕಳೆ ಕಟ್ಟುತ್ತದೆ, ಗಮನಿಸದೆ ಬಿಟ್ಟರೆ ಹಕ್ಕಿ ಕುರುಡಾಗುವುದೂ ಉಂಟು. ಬೆಳಿಗ್ಗೆ ಬಾನಿಗೆ ಹೊಸ ನೀರು ತುಂಬಿಸಿ ಪಕ್ಕಕ್ಕೆ ಸರಿದು ನಿಂತರೆ ನಮ್ಮ ಬಾತುಗಳು ನಡೆದುಕೊಳ್ಳುವ ರೀತಿ ಎಂದೂ ಬದಲಾಗದು. ಮೊದಲು ಕೊಕ್ಕನ್ನು ಅದ್ದಿ ಹೊಳ್ಳೆಗಳಿಂದ ಗುಳ್ಳೆ ಬಿಡುತ್ತವೆ, ಆಮೇಲೆ ಕಣ್ಣು ಮುಳುಗುವವರೆಗೆ ತಲೆಯನ್ನು ಇಳಿಸಿ ಸರಕ್ಕನೆ ಮೇಲೆತ್ತುತ್ತವೆ. ಎತ್ತಿದ ರಭಸಕ್ಕೆ ನೀರು ಕತ್ತಿನ ಗುಂಟ ಉರುಳಿ ಬೆನ್ನಿನ ಮೇಲೆಲ್ಲ ಹರಡುತ್ತದೆ. ಇದನ್ನು ಹಲವು ಬಾರಿ ಮಾಡಿ, ಕತ್ತನ್ನು ಹಿಂದಕ್ಕೆ ತಿರುಗಿಸಿ, ಬಾಲದ ಬುಡದಲ್ಲಿರುವ ಎಣ್ಣೆಯ ಗ್ರಂಥಿಗೆ ಕೊಕ್ಕನ್ನೂ ಕೆನ್ನೆಯನ್ನೂ ಉಜ್ಜಿಕೊಂಡು, ಆ ಜಿಡ್ಡನ್ನು ಎದೆಯಿಂದ ರೆಕ್ಕೆಯ ತುದಿಯವರೆಗೆ ಒಂದೊಂದು ಗರಿಗೂ ಸವರುತ್ತವೆ. ಈ ಸ್ನಾನ ಮುಗಿಯುವವರೆಗೆ ಅವು ಮೇವಿನ ಕಡೆಗೂ ತಿರುಗಿ ನೋಡುವುದಿಲ್ಲ. ಅದನ್ನು ನೋಡುತ್ತಾ ನಿಂತರೆ ಒಲೆಯ ಮೇಲಿಟ್ಟ ಹಾಲಿನ ನೆನಪೂ ನನಗೆ ಇರುವುದಿಲ್ಲ.

ಆದರೆ ಅರ್ಧ ಗಂಟೆಯೊಳಗೆ ಆ ನೀರು ಕೆಸರಾಗಿರುತ್ತದೆ. ಬಾತುಕೋಳಿ ಮಣ್ಣಿನಲ್ಲಿ ಕೊಕ್ಕು ಆಡಿಸಿ ಬಂದು ನೀರಿನಲ್ಲಿ ತೊಳೆಯುತ್ತದೆ, ಮೇವು ತಿಂದು ಬಂದು ನೀರಿನಲ್ಲಿ ಉಗುಳುತ್ತದೆ, ಅದರಲ್ಲೇ ಹಿಕ್ಕೆಯನ್ನೂ ಹಾಕುತ್ತದೆ. ಬಾತುಕೋಳಿ ಸಾಕುವವರ ನಿಜವಾದ ಕೆಲಸ ಇಲ್ಲಿಂದ ಶುರುವಾಗುತ್ತದೆ. ನಮ್ಮಲ್ಲಿ ಒಂದು ಸಿಮೆಂಟ್ ಬಾನಿಯೂ ಒಂದು ಅಗಲವಾದ ಪ್ಲಾಸ್ಟಿಕ್ ಟಬ್ಬೂ ಇವೆ. ಎರಡನ್ನೂ ದಿನಕ್ಕೆರಡು ಬಾರಿ ಖಾಲಿ ಮಾಡಿ ತುಂಬಿಸುತ್ತೇವೆ. ಖಾಲಿ ಮಾಡಿದ ನೀರು ಸಣ್ಣ ಕಾಲುವೆಯಲ್ಲಿ ಹರಿದು ಬಾಳೆ, ನುಗ್ಗೆ, ಪರಂಗಿ, ಕರಿಬೇವಿನ ಪಾತಿಗಳಿಗೆ ಸರದಿಯಂತೆ ಹೋಗುತ್ತದೆ. ಈ ಗಿಡಗಳಿಗೆ ಬೇಸಿಗೆಯಲ್ಲಿ ಮೊದಲೂ ನೀರು ಹಾಕುತ್ತಿದ್ದೆವು. ಈಗ ಅದೇ ನೀರು ಬಾತುಗಳ ಬಾನಿಯನ್ನು ಹಾದು, ಹಿಕ್ಕೆಯ ಸಾರಜನಕವನ್ನೂ ಹೊತ್ತುಕೊಂಡು ಗಿಡಕ್ಕೆ ಸೇರುತ್ತದೆ. ಟ್ಯಾಂಕರ್ ನೀರಿನ ಬಗ್ಗೆ ನನ್ನನ್ನು ಕೇಳಿದವರಿಗೆ ನಾನು ಕೊಡುವ ಉತ್ತರ ಇದೇ. ಗಿಡಗಳಿಲ್ಲದ ಮನೆಯಲ್ಲಿ, ಆ ನೀರನ್ನು ಚರಂಡಿಗೆ ಬಿಡಬೇಕಾದ ಕಡೆ, ನಮ್ಮ ಜಿಲ್ಲೆಯಲ್ಲಂತೂ ಬಾತುಕೋಳಿ ಸಾಕಬಾರದು ಎಂಬುದೇ ನನ್ನ ಅಭಿಪ್ರಾಯ. ಕೊತ್ತಂಬರಿ, ಪುದೀನದಂಥ ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ ಈ ನೀರನ್ನು ಬಿಡುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಬಾನಿಯ ಸುತ್ತಲಿನ ನೆಲ ಬೇರೆಯೇ ಒಂದು ಸಮಸ್ಯೆ. ಬಾತುಗಳು ಮೈ ಕೊಡವಿದ ನೀರು ಒಂದೇ ಜಾಗದಲ್ಲಿ ಬಿದ್ದು ಕೊಚ್ಚೆಯಾಗಿ, ವಾಸನೆ ಹುಟ್ಟಿ, ನೊಣ ಮುತ್ತುತ್ತದೆ. ಬಾನಿಯ ಬುಡಕ್ಕೆ ಒಂದು ಮೊಳದಷ್ಟು ಅಗಲಕ್ಕೆ ಜಲ್ಲಿ ಹಾಸಿ, ಟಬ್ಬನ್ನು ಆಗಾಗ ಜಾಗ ಬದಲಿಸಿ ಇಟ್ಟ ಮೇಲೆ ನಮಗೆ ಅದು ಹತೋಟಿಗೆ ಬಂತು. ಸೊಳ್ಳೆಯ ಭಯ ಪಡುವವರು ಒಂದು ವಿಷಯ ತಿಳಿಯಬೇಕು: ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸೊಳ್ಳೆಗೆ ನಿಂತ ನೀರಿನಲ್ಲಿ ಒಂದು ವಾರವಾದರೂ ಬೇಕಾಗುತ್ತದೆ, ದಿನವೂ ಚೆಲ್ಲುವ ಬಾನಿಯಲ್ಲಿ ಅದಕ್ಕೆ ಅವಕಾಶವಿಲ್ಲ. ಆದರೆ 'ದಿನವೂ' ಎಂದರೆ ದಿನವೂ. ಮದುವೆಗೆ, ಜಾತ್ರೆಗೆ, ತವರಿಗೆ ಹೊರಟಾಗ ಬೀಗ ಹಾಕಿ ನಡೆಯುವಂತಿಲ್ಲ. ಬಾನಿ ಚೆಲ್ಲಿ ತುಂಬಿಸಲು ನಂಬಿಕಸ್ಥರೊಬ್ಬರು ಬೇಕು. ಹಸು ಕಟ್ಟಿಕೊಂಡವರಿಗೆ ಇದು ಹೊಸತಲ್ಲ, ಆದರೆ ಕೋಳಿ ಸಾಕಿ ಅಭ್ಯಾಸವಿರುವವರು ಬಾತುಕೋಳಿಯನ್ನೂ ಅಷ್ಟೇ ಸಲೀಸು ಎಂದುಕೊಂಡು ತಂದು ಕಷ್ಟಪಡುವುದನ್ನು ನೋಡಿದ್ದೇನೆ.

ಇನ್ನು ಕೆರೆಯ ಮಾತು. ಕೆರೆ ಪಕ್ಕದಲ್ಲೇ ಇರುವವರಿಗೂ ನಾನು ಹೇಳುವುದು ಮನೆಯ ಬಾತುಗಳನ್ನು ಅಲ್ಲಿಗೆ ಬಿಡಬೇಡಿ ಎಂದೇ. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದದ್ದೂ, ಆಮೇಲೆ ಹೆಬ್ಬಾಳ–ನಾಗವಾರ ಕಣಿವೆಯ ನೀರು ನಮ್ಮ ಕಡೆಯ ಕಂದವಾರ ಕೆರೆ ಮೊದಲಾದವುಗಳನ್ನು ತುಂಬಿಸಿದ್ದೂ ಎರಡೂ ಜಿಲ್ಲೆಗಳವರು ಕಣ್ಣಾರೆ ಕಂಡ ಸಂಗತಿ. ಬತ್ತಿ ಬಿರುಕುಬಿಟ್ಟಿದ್ದ ಕೆರೆಯಂಗಳದಲ್ಲಿ ನೀರು ನಿಂತದ್ದನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ, ಅಂತರ್ಜಲ ಹೆಚ್ಚಲೆಂದು ಬಿಟ್ಟಿರುವ ನೀರು. ಬಾತುಕೋಳಿ ಕೊಕ್ಕಿನ ಅಂಚಿನ ಸಣ್ಣ ಹಲ್ಲುಗಳಂಥ ಏಣುಗಳಿಂದ ತಳದ ಕೆಸರನ್ನೇ ಸೋಸಿ ತಿನ್ನುವ ಹಕ್ಕಿ. ಅಂಥ ಕೆಸರನ್ನು ತಿಂದು ಬಂದ ಹಕ್ಕಿಯ ಮೊಟ್ಟೆಯನ್ನು ಮಕ್ಕಳಿಗೆ ಬೇಯಿಸಿ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಎರಡನೆಯ ಕಾರಣ ಇನ್ನೂ ಗಂಭೀರವಾದದ್ದು. ನೀರು ತುಂಬಿದ ಕೆರೆಗಳಿಗೆ ಕಾಡು ಬಾತುಗಳೂ ಚಳಿಗಾಲದ ವಲಸೆ ಹಕ್ಕಿಗಳೂ ಬರುತ್ತವೆ, ಮತ್ತು ಬಾತುಗಳು ಯಾವ ಲಕ್ಷಣವನ್ನೂ ತೋರದೆ ಹಕ್ಕಿಜ್ವರದ ವೈರಾಣುವನ್ನು ಹೊತ್ತು ತಿರುಗಬಲ್ಲವು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ದೃಢಪಟ್ಟು ಊರಿನ ಕೋಳಿಗಳನ್ನು ಕೊಲ್ಲಬೇಕಾಗಿ ಬಂದದ್ದು ನಮಗೆಲ್ಲ ನೆನಪಿದೆ. ಬೇಲಿಯೊಳಗೆ, ನಲ್ಲಿಯ ನೀರಿನಲ್ಲಿ ಬೆಳೆಯುವ ಬಾತುಕೋಳಿಗೆ ಏನೋ ಕೊರತೆಯಾಗಿದೆ ಎಂದು ಮರುಗುವವರು ಇದನ್ನೂ ಎಣಿಸಬೇಕು.

ನಮ್ಮಲ್ಲಿರುವುದು ಖಾಕಿ ಕ್ಯಾಂಪ್‌ಬೆಲ್ ತಳಿ. ಇಂಗ್ಲೆಂಡಿನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಹೆಣ್ಣುಮಗಳು ಮೊಟ್ಟೆಗೆಂದೇ ಬೆಳೆಸಿದ ಈ ತಳಿ ಒಳ್ಳೆಯ ಆರೈಕೆಯಲ್ಲಿ ವರ್ಷಕ್ಕೆ 300ರ ಹತ್ತಿರ ಮೊಟ್ಟೆಯಿಡುತ್ತದೆ. ಹಿತ್ತಲಲ್ಲಿ ಅಷ್ಟನ್ನು ನಿರೀಕ್ಷಿಸುವುದು ಬೇಡ. ಗರಿ ಉದುರುವ ಕಾಲದಲ್ಲಿ ವಾರಗಟ್ಟಲೆ ಒಂದೂ ಮೊಟ್ಟೆ ಸಿಗುವುದಿಲ್ಲ. ಮಾಂಸಕ್ಕೆಂದು ಸಾಕುವವರು ಬಿಳಿಯ ಪೆಕಿನ್ ತಳಿಯನ್ನು ತರುತ್ತಾರೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ಈ ಎರಡೂ ತಳಿಗಳನ್ನು ಬೆಳೆಸುತ್ತಾರೆ, ನಮ್ಮ ಜಿಲ್ಲೆಯವರಿಗೆ ಅದು ದೂರವೂ ಅಲ್ಲ. ಸಂತೆಯಲ್ಲಿ ಮಂಕರಿಯಲ್ಲಿಟ್ಟು ಮಾರುವ ಮರಿಗಳ ತಳಿಯನ್ನು ಮಾರುವವರ ಮಾತಿನ ಮೇಲೆ ನಂಬಬೇಕಾಗುತ್ತದೆ, ವಯಸ್ಸನ್ನೂ ಅಷ್ಟೇ.

ಬಾತುಕೋಳಿ ಮೊಟ್ಟೆಯಿಡುವುದು ಹೆಚ್ಚಾಗಿ ಬೆಳಗಿನ ಜಾವದಲ್ಲಿ. ಒಂಬತ್ತು ಗಂಟೆಯೊಳಗೆ ಹೆಚ್ಚುಕಡಿಮೆ ಎಲ್ಲವೂ ಇಟ್ಟು ಮುಗಿಸಿರುತ್ತವೆ, ಆದ್ದರಿಂದ ಅಲ್ಲಿಯವರೆಗೆ ಗೂಡಿನ ಬಾಗಿಲು ತೆಗೆಯದಿದ್ದರೆ ಬೇಲಿ ಸಂದಿಯಲ್ಲೂ ಸೌದೆ ರಾಶಿಯ ಹಿಂದೆಯೂ ಹುಡುಕುವ ಕೆಲಸ ತಪ್ಪುತ್ತದೆ. ಮೊಟ್ಟೆ 65ರಿಂದ 70 ಗ್ರಾಂ ತೂಗುತ್ತದೆ, ಸಿಪ್ಪೆ ಗಟ್ಟಿ, ಹಳದಿಯ ಪಾಲು ಹೆಚ್ಚು. ಸಾಸಿವೆ ಒಗ್ಗರಣೆ ಹಾಕಿ, ಹುಣಿಸೆಹಣ್ಣಿನ ಹುಳಿಯ ಮಸಾಲೆ ಸಾರು ಕುದಿಯುವಾಗ ಒಂದೊಂದಾಗಿ ಒಡೆದು ಬಿಟ್ಟರೆ ಹಳದಿ ಚೆದುರದೆ ಇಡಿಯಾಗಿ ಬೇಯುತ್ತದೆ. ಬಿಸಿ ರಾಗಿಮುದ್ದೆಗೆ ಅದಕ್ಕಿಂತ ಒಳ್ಳೆಯ ಜೋಡಿಯನ್ನು ನಾನು ಕಂಡಿಲ್ಲ. ನೆಲದ ಮೇಲೆ, ತೇವದಲ್ಲಿ ಇಡುವ ಮೊಟ್ಟೆಯಾದ್ದರಿಂದ ಅರೆಬೆಂದದ್ದನ್ನು ತಿನ್ನಬಾರದು, ಪೂರ್ತಿ ಗಟ್ಟಿಯಾಗುವವರೆಗೆ ಬೇಯಿಸಲೇಬೇಕು. ಮೂಲವ್ಯಾಧಿಗೆ ಒಳ್ಳೆಯದೆಂಬ ನಂಬಿಕೆಯಿಂದ ದೂರದ ಹಳ್ಳಿಗಳಿಂದಲೂ ಮೊಟ್ಟೆ ಕೇಳಿಕೊಂಡು ಬರುವವರಿದ್ದಾರೆ. ಅವರಿಗೆ ಊಟದ ಮೊಟ್ಟೆಯೆಂದೇ ಕೊಡುತ್ತೇನೆ, ಔಷಧಿಯೆಂದು ಕೊಡುವುದಿಲ್ಲ, ವೈದ್ಯರನ್ನು ಕಾಣುವುದನ್ನು ಬಿಡಬೇಡಿ ಎಂದೂ ಹೇಳಿ ಕಳುಹಿಸುತ್ತೇನೆ.

ಮೇವಿನ ವಿಷಯದಲ್ಲಿ ನಮ್ಮ ಸೀಮೆ ಬಾತುಕೋಳಿಗೆ ಉಪಕಾರಿಯೂ ಹೌದು, ಅಪಾಯಕಾರಿಯೂ ಹೌದು. ಮೊಟ್ಟೆಯಿಡುವ ಒಂದು ಹಕ್ಕಿಗೆ ದಿನಕ್ಕೆ 120 ಗ್ರಾಮಿಗೆ ಕಡಿಮೆಯಿಲ್ಲದಷ್ಟು ಮೇವು ಬೇಕು. ರಾಗಿ, ಜೋಳದ ನುಚ್ಚು, ತೌಡು, ನುಗ್ಗೆ ಸೊಪ್ಪು, ತೊಟ್ಟಿಯ ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲಾ ಎಂಬ ಸಣ್ಣ ಸಸ್ಯ ಇವೆಲ್ಲ ಸುಲಭವಾಗಿ ಸಿಗುತ್ತವೆ, ಕಷ್ಟವಿರುವುದು ಪ್ರೋಟೀನಿನದು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆಗಳಲ್ಲಿ, ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಹುಳುವನ್ನು ಒಣಗಿಸಿ ಮಾರುತ್ತಾರೆ. ಒಣಗಿದ ಹುಳುವಿನ ತೂಕದಲ್ಲಿ ಅರ್ಧದಷ್ಟು ಪ್ರೋಟೀನೇ. ಅದನ್ನು ಬಿಸಿಲಲ್ಲಿ ಇನ್ನೊಮ್ಮೆ ಗರಿಗರಿಯಾಗಿ ಒಣಗಿಸಿ, ಪುಡಿ ಮಾಡಿ, ತೌಡಿನೊಂದಿಗೆ ಸ್ವಲ್ಪವೇ ಸ್ವಲ್ಪ ಬೆರೆಸುತ್ತೇವೆ. ಕೈ ಮುಂದಾದರೆ ಮೊಟ್ಟೆಗೂ ಆ ವಾಸನೆ ಹತ್ತುತ್ತದೆ, ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಮೇವು ಯಾವುದೇ ಇರಲಿ, ಒಣ ಹಿಟ್ಟನ್ನು ಬಾತುಕೋಳಿ ನುಂಗಲಾರದು. ನೀರು ಚಿಮುಕಿಸಿ ಉಂಡೆ ಹಿಡಿಯುವ ಹದಕ್ಕೆ ಕಲಸಬೇಕು, ನೀರಿನ ಪಾತ್ರೆ ಮಗ್ಗುಲಲ್ಲೇ ಇರಬೇಕು.

ಅಪಾಯ ಇರುವುದು ಕಡಲೆಕಾಯಿ ಹಿಂಡಿಯಲ್ಲಿ. ಚಿಂತಾಮಣಿ, ಬಾಗೇಪಲ್ಲಿ, ಪಾವಗಡದ ಕಡೆಯೆಲ್ಲ ಕಡಲೆಕಾಯಿ ಬೆಳೆಯುವ ಜನ ನಾವು, ಹಿಂಡಿ ಮನೆಯಲ್ಲೇ ಇರುತ್ತದೆ, ಹಸುವಿಗೆ ಹಾಕುವುದನ್ನೇ ಹಕ್ಕಿಗೂ ಹಾಕೋಣ ಎನ್ನಿಸುತ್ತದೆ. ಆದರೆ ಮಳೆಗಾಲದಲ್ಲಿ ತೇವ ತಗುಲಿದ ಹಿಂಡಿಯಲ್ಲೂ ಮುಗ್ಗಿದ ಜೋಳದಲ್ಲೂ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಸಾಕುವ ಹಕ್ಕಿಗಳಲ್ಲಿ ಅದಕ್ಕೆ ಬಹು ಬೇಗ ಬಲಿಯಾಗುವುದು ಬಾತುಕೋಳಿಯ ಮರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಬ್ರೆಜಿಲ್‌ನಿಂದ ತರಿಸಿದ್ದ ಕಡಲೆಕಾಯಿ ಹಿಂಡಿಯನ್ನು ಪರೀಕ್ಷಿಸುತ್ತಾ ಹೋಗಿಯೇ ಈ ವಿಷ ಪತ್ತೆಯಾದದ್ದು. ಆಗ ಬಾತುಕೋಳಿಯ ಮರಿಗಳೂ ಸತ್ತಿದ್ದವು. ಅದರಿಂದ ಮರಿಗಳಿಗೆ ನಾವು ಹಿಂಡಿಯನ್ನು ತೋರಿಸುವುದೇ ಇಲ್ಲ. ಟೊಮೆಟೊ ತೋಟಕ್ಕೆ ಔಷಧಿ ಹೊಡೆದ ದಿನಗಳಲ್ಲಿ ದೊಡ್ಡ ಬಾತುಗಳನ್ನೂ ಬೇಲಿ ದಾಟಲು ಬಿಡುವುದಿಲ್ಲ, ಏಕೆಂದರೆ ಸತ್ತು ಬಿದ್ದ ಹುಳುವನ್ನು ಅವು ಮೊದಲು ಹುಡುಕಿ ತಿನ್ನುತ್ತವೆ.

ಮರಿಗಳನ್ನು ಬೆಳೆಸುವ ಮೊದಲ ನಾಲ್ಕು ವಾರ ಎಚ್ಚರ ಬೇಡುವ ಕಾಲ. ಮೊದಲ ವಾರ 29ರಿಂದ 32 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿಕೊಂಡು ಹೋಗಬಹುದು. ನಮ್ಮ ಕಡೆಯ ಡಿಸೆಂಬರ್ ರಾತ್ರಿಗಳಲ್ಲಿ ಬಲ್ಬ್ ಒಂದು ಗಂಟೆ ಆರಿದರೂ ಮರಿಗಳು ಒಂದರ ಮೇಲೊಂದು ಒತ್ತಿ, ಕೆಳಗಿನವು ಉಸಿರುಗಟ್ಟುತ್ತವೆ. ಬಾತುಕೋಳಿಯ ಮರಿಯೆಂದ ಮೇಲೆ ಹುಟ್ಟಿದ ದಿನವೇ ಈಜಲೆಂದು ಮಕ್ಕಳು ನೀರಿಗೆ ಬಿಡಲು ಹೋಗುತ್ತಾರೆ. ತಾಯಿಯ ಮೈಯ ಎಣ್ಣೆ ಸೋಂಕದ ಮರಿಯ ತುಪ್ಪಳ ಒದ್ದೆಯಾಗಿ ಅದು ಚಳಿಗೆ ಸೆಟೆದು ಸಾಯುತ್ತದೆ. ಆದ್ದರಿಂದ ಮರಿಗಳ ನೀರಿನ ತಟ್ಟೆಯಲ್ಲಿ ಕೊಕ್ಕು ಮುಳುಗಬೇಕು, ಮೈ ಮುಳುಗಬಾರದು. ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ: ಬಾತುಕೋಳಿಯ ಮರಿಗೆ ಕೋಳಿಮರಿಗಿಂತ ಹೆಚ್ಚು ನಿಯಾಸಿನ್ ಎಂಬ ಬಿ ಜೀವಸತ್ವ ಬೇಕು. ಬರೀ ಕೋಳಿಮರಿಯ ಮೇವಿನಲ್ಲಿ ಬೆಳೆದವುಗಳ ಕಾಲು ಬಿಲ್ಲಿನಂತೆ ಬಾಗಿ, ನಡೆಯಲಾರದೆ ಕೂತುಬಿಡುವುದುಂಟು. ಮೇವಿಗೆ ಸ್ವಲ್ಪ ಯೀಸ್ಟ್ ಪುಡಿ ಬೆರೆಸಿದರೆ ಈ ಕೊರತೆ ನೀಗುತ್ತದೆ.

ಇಷ್ಟೆಲ್ಲ ಮಾಡಿದವರಿಗೆ ಸಿಗುವ ಪ್ರೀತಿಯೂ ದೊಡ್ಡದು. ಮೊಟ್ಟೆಯೊಡೆದು ಬಂದ ಮರಿ ತಾನು ಮೊದಲು ಕಂಡ ಚಲಿಸುವ ಜೀವವನ್ನೇ ತಾಯಿಯೆಂದು ಹಿಂಬಾಲಿಸುವುದನ್ನು ಹೆಬ್ಬಾತುಗಳಲ್ಲಿ ಕೂಲಂಕಷವಾಗಿ ಅಭ್ಯಾಸ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಮನೆಯಲ್ಲಿ ಆ ಸ್ಥಾನ ಅತ್ತೆಯವರದು. ಅವರು ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಇಳಿದರೆ ದೊಡ್ಡವಾಗಿರುವ ಬಾತುಗಳೂ ಸಾಲುಗಟ್ಟಿ ಹಿಂದೆ ಹೋಗುತ್ತವೆ. "ದಾರಿ ಬಿಡ್ರೇ, ಬಿದ್ದೋಗ್ತೀನಿ" ಎಂದು ಅವರು ಗದರಿಸುತ್ತಾರೆ, ಆದರೆ ಬಾಳೆಬುಡದ ಶಂಖದ ಹುಳುಗಳಲ್ಲಿ ಸಣ್ಣವನ್ನು ಆರಿಸಿ ಮಡಿಲಲ್ಲಿಟ್ಟುಕೊಂಡು ಒಂದೊಂದಾಗಿ ಹಾಕುವವರೂ ಅವರೇ.

ರಾತ್ರಿಯ ಭಯ ಬೇರೆ. ಬಾತುಕೋಳಿ ಕೋಳಿಯಂತೆ ಮರ ಹತ್ತಿ ಮಲಗುವುದಿಲ್ಲ, ನೆಲದ ಮೇಲೇ ಕೂತು ನಿದ್ರಿಸುತ್ತದೆ. ಗುಂಪಿನ ಅಂಚಿನಲ್ಲಿರುವ ಬಾತು ಹೊರಗಡೆಗಿರುವ ಕಣ್ಣನ್ನು ತೆರೆದಿಟ್ಟುಕೊಂಡು, ಮಿದುಳಿನ ಅರ್ಧ ಭಾಗವನ್ನು ಮಾತ್ರ ಮಲಗಿಸುತ್ತದೆ ಎಂಬುದನ್ನು ವಿಜ್ಞಾನಿಗಳು 1999ರಲ್ಲಿ ಕಾಡು ಬಾತುಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಟಾರ್ಚ್ ಹಿಡಿದು ಹೋದಾಗ ಗೋಡೆಯ ಕಡೆಗಿರುವ ಕಣ್ಣು ಮುಚ್ಚಿ, ಬಾಗಿಲ ಕಡೆಗಿರುವ ಕಣ್ಣು ಹೊಳೆಯುತ್ತಿರುವುದನ್ನು ನಾವೂ ನೋಡಬಹುದು. ಆ ಒಂದು ಕಣ್ಣಿನ ಕಾವಲು ಬೀದಿನಾಯಿಗೆ, ಮುಂಗುಸಿಗೆ, ಹೆಗ್ಗಣಕ್ಕೆ ಸಾಲದು. ಬೆರಳು ತೂರದಷ್ಟು ಸಣ್ಣ ಕಣ್ಣಿನ ಬೆಸುಗೆ ಜಾಲರಿಯನ್ನು ನೆಲದೊಳಗೆ ಒಂದು ಅಡಿ ಹೂತು, ಕತ್ತಲಾಗುವ ಮೊದಲೇ ಚಿಲಕ ಹಾಕುವುದೊಂದೇ ದಾರಿ. ಒಳಗೆ ರಾಗಿ ಹುಲ್ಲಿಗಿಂತ ಭತ್ತದ ಹೊಟ್ಟು ಅಥವಾ ಕಡಲೆಕಾಯಿ ಸಿಪ್ಪೆ ವಾಸಿ. ಒದ್ದೆಯಾದ ಹುಲ್ಲು ಬೇಗ ಮುಗ್ಗಿ, ಅದರ ಬೂಷ್ಟು ಹಕ್ಕಿಗಳ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾತುಗಳನ್ನು ಗೂಡಿಗೆ ಸೇರಿಸುವಾಗ ಕಾಲು ಹಿಡಿದು ಎತ್ತಬಾರದು. ಅವುಗಳ ಕಾಲು ಬಹಳ ನಾಜೂಕು, ಎರಡು ಕೈಯಲ್ಲಿ ರೆಕ್ಕೆಗಳ ಸಮೇತ ಮೈಯನ್ನು ತಬ್ಬಿ ಹಿಡಿಯಬೇಕು.

ರೋಗದ ವಿಷಯದಲ್ಲಿ ಬಾತುಕೋಳಿ ಕೋಳಿಗಿಂತ ಗಟ್ಟಿ. ಆದರೂ ಬಾತುಕೋಳಿಗಳ ಪ್ಲೇಗ್ ಎಂಬ ವೈರಾಣು ರೋಗಕ್ಕೆ ಎಂಟರಿಂದ ಹನ್ನೆರಡು ವಾರದ ವಯಸ್ಸಿನೊಳಗೆ ಲಸಿಕೆ ಹಾಕಿಸಬೇಕು, ಅದನ್ನು ಪಶುವೈದ್ಯರ ಬಳಿ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

ಅಕ್ಕಪಕ್ಕದವರ ಮಾತನ್ನು ಹೇಳದಿದ್ದರೆ ಬರಹ ಅಪೂರ್ಣವಾಗುತ್ತದೆ. ಗಟ್ಟಿಯಾಗಿ ಕೂಗುವುದು ಹೆಣ್ಣು ಬಾತು. ಗಂಡಿನದು ಗಂಟಲು ಕಟ್ಟಿದಂಥ ಮೆಲುದನಿ, ಬಾಲದ ಮೇಲೆ ಸುರುಳಿಯಾದ ಗರಿ ಮೂಡುವ ಮೊದಲು ಅವೆರಡನ್ನೂ ಗುರುತಿಸಲು ಈ ದನಿಯೇ ಆಧಾರ. ಪಕ್ಕದ ಮನೆಯ ಅಜ್ಜಿ ಒಂದು ದಿನ ಬೇಲಿಯ ಬಳಿ ಬಂದು, "ನೋಡಮ್ಮಾ, ನಂಗೆ ಮೊದಲೇ ನಿದ್ದೆ ಕಮ್ಮಿ, ನಿನ್ನ ಬಾತುಗಳು ನಾಲ್ಕು ಗಂಟೆಗೇ ಸಂತೆ ಸೇರಿಸ್ತಾವೆ" ಎಂದರು. ಅವರ ಮಾತು ನ್ಯಾಯವಾಗಿತ್ತು. ಗೂಡನ್ನು ಅವರ ಗೋಡೆಯಿಂದ ದೂರದ ಮೂಲೆಗೆ ಕಟ್ಟಿ, ಬೀದಿ ದೀಪದ ಬೆಳಕು ಬೀಳದಂತೆ ಗೋಣಿ ತಟ್ಟು ಇಳಿಬಿಟ್ಟ ಮೇಲೆ ಕೂಗು ಬೆಳಕು ಹರಿಯುವ ಹೊತ್ತಿಗೆ ಸರಿಯಿತು. ಒತ್ತೊತ್ತಾಗಿ ಮನೆಗಳಿರುವ ಬೀದಿಯವರು ಇದನ್ನು ಮೊದಲೇ ಯೋಚಿಸಬೇಕು.

ಇನ್ನೂ ಕಠಿಣವಾದ ಯೋಚನೆ ಗಂಡು ಮರಿಗಳದು. ಒಂದು ಕಾವಿನಲ್ಲಿ ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧ ಗಂಡೇ ಇರುತ್ತವೆ, ಆದರೆ ಐದಾರು ಹೆಣ್ಣಿಗೆ ಒಂದು ಗಂಡು ಸಾಕು. ಹೆಚ್ಚಾದರೆ ಹೆಣ್ಣುಗಳ ಕತ್ತಿನ ಹಿಂಭಾಗದ ಗರಿಯನ್ನೆಲ್ಲ ಕಿತ್ತು ಗಾಯ ಮಾಡುತ್ತವೆ. ನಮ್ಮ ಮನೆಯಲ್ಲಿ ಮಾಂಸ ತಿನ್ನುವವರಿದ್ದರೂ, ಕೈಯಾರೆ ಸಾಕಿದ್ದನ್ನು ಈ ಅಂಗಳದಲ್ಲಿ ಕುಯ್ಯಬಾರದೆಂಬುದು ಅತ್ತೆಯವರ ಮಾತು, ಅದನ್ನು ನಾವು ಮೀರುವುದಿಲ್ಲ. ಹೆಚ್ಚಾದ ಗಂಡುಗಳನ್ನು ನಾಲ್ಕು ತಿಂಗಳಾಗುವಷ್ಟರಲ್ಲಿ ಮಾಂಸಕ್ಕೆ ಬೇಕೆನ್ನುವವರಿಗೆ ಕೊಡುತ್ತೇವೆ, ಎಲ್ಲಿಗೆ ಹೋಗುತ್ತವೆ ಎಂಬುದನ್ನು ಮಕ್ಕಳಿಂದ ಮರೆಮಾಚುವುದಿಲ್ಲ. ಇದನ್ನು ಒಪ್ಪಲಾರದವರು ಗಂಡಿಲ್ಲದೆಯೇ ಸಾಕಬಹುದು. ಗಂಡು ಇಲ್ಲದಿದ್ದರೂ ಹೆಣ್ಣು ಬಾತು ಮೊಟ್ಟೆಯಿಡುವುದನ್ನು ನಿಲ್ಲಿಸುವುದಿಲ್ಲ, ಆ ಮೊಟ್ಟೆಯಲ್ಲಿ ಮರಿಯಾಗುವುದಿಲ್ಲ, ಅಷ್ಟೇ.

ಸಾಕಬೇಕೆಂದು ನಿಶ್ಚಯಿಸಿದವರು ಮುಂಗಾರು ಹಿಡಿದು ನೆಲ ತಂಪಾದ ಮೇಲೆ ನಾಲ್ಕೈದು ಹೆಣ್ಣು ಮರಿಗಳಿಂದ ಆರಂಭಿಸಲಿ. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲಿಗೆ ಮರಿ ತರುವುದು ಬೇಡ. ಗೂಡಿನೊಳಗೆ ಒಂದಕ್ಕೆ ಮೂರು ನಾಲ್ಕು ಚದರಡಿ, ಹೊರಗೆ ಓಡಾಡಲು ಹತ್ತು ಹದಿನೈದು ಚದರಡಿ ಜಾಗ ಸಾಕಾಗುತ್ತದೆ. ಮರಿ ತರುವ ವಾರವೇ ಬಾನಿ ಇಡುವ ಜಾಗವನ್ನು ಗೊತ್ತುಮಾಡಿ, ಅಲ್ಲಿಂದ ನೀರು ಇಳಿದು ಹೋಗುವ ಕಡೆಗೆ ಎರಡು ಬಾಳೆಕಂದು ನೆಟ್ಟರೆ, ಬಾತುಗಳು ಬಾನಿಯನ್ನು ಕೆಸರು ಮಾಡುವಷ್ಟು ದೊಡ್ಡವಾಗುವ ಹೊತ್ತಿಗೆ ಬಾಳೆಯೂ ಆ ನೀರನ್ನು ಹೀರುವಷ್ಟು ಬೆಳೆದಿರುತ್ತದೆ.